ಇಲಿಯ ಬೆನ್ನಿನಿಂದ ವಾರ್ಡಿನ ಹಾಸಿಗೆಗೆ

ಸುಟ್ಟಗಾಯಕ್ಕೆ ಮದ್ದು ಹೇಳಲರಿಯದ ಮನುಷ್ಯನನ್ನು ನಮ್ಮ ನಾಡಿನಲ್ಲಿ ಕಾಣುವುದು ದುರ್ಲಭ. ಜ್ವರವೆಂದರೆ ವೈದ್ಯರನ್ನು ಕಾಣೆಂದು ಹೇಳಿ ಸುಮ್ಮನಾಗತಕ್ಕವರು ಸಹ, ಕೈ ಸುಟ್ಟಿತೆಂಬ ಮಾತು ಕಿವಿಗೆ ಬಿದ್ದೊಡನೆ ತಾವೇ ವೈದ್ಯರಾಗಿ ನಿಂತು, ಸುಣ್ಣದ ತಿಳಿಯನ್ನು ಕೊಬ್ಬರಿ ಎಣ್ಣೆಯೊಡನೆ ಬೆಳ್ಳಗೆ ಗಟ್ಟಿಯಾಗುವವರೆಗೆ ಕಡೆದು ಹಚ್ಚೆಂದೋ, ಲೋಳೆಸರವನ್ನು ಸೀಳಿ ಅದರ ತಿರುಳನ್ನು ಸವರೆಂದೋ, ಅರಸಿನ ಮೆತ್ತೆಂದೋ, ಏನೂ ಕೈಗೆ ಸಿಕ್ಕದಿದ್ದರೆ ದೋಸೆಯ ಹಿಟ್ಟನ್ನೋ ಶಾಯಿಯನ್ನೋ ಹಲ್ಲುಜ್ಜುವ ಪೇಸ್ಟನ್ನೋ ಬಳಿಯೆಂದೋ ವಿಧಿಸಿಬಿಡುತ್ತಾರೆ. ಇದನ್ನು ಬರಿಯ ಗ್ರಾಮ್ಯ ಮೌಢ್ಯವೆಂದು ನಗುವುದಕ್ಕೆ ಮೊದಲು, ಸ್ಕಾಟ್ಲೆಂಡಿನ ಕ್ಯಾರನ್ ಎಂಬಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಗಾರರ ಸುಟ್ಟಗಾಯಗಳಿಗೆ ಅಗಸೆಯೆಣ್ಣೆಯನ್ನೂ ಸುಣ್ಣದ ತಿಳಿಯನ್ನೂ ಬೆರೆಸಿ ಹಚ್ಚುತ್ತಿದ್ದರೆಂಬುದನ್ನೂ, ಆ ಮಿಶ್ರಣವು ಕ್ಯಾರನ್ ಎಣ್ಣೆಯೆಂಬ ಹೆಸರಿನಿಂದ ಯೂರೋಪಿನ ವೈದ್ಯರಲ್ಲಿ ಬಹುಕಾಲ ಮರ್ಯಾದೆ ಪಡೆದಿತ್ತೆಂಬುದನ್ನೂ ನೆನೆಯುವುದು ಒಳಿತು.

ಮದ್ದುಗಳ ಈ ಸಮೃದ್ಧಿಗೆ ಕಾರಣವಿಲ್ಲದಿಲ್ಲ. ಚರ್ಮದ ಮೇಲ್ಪದರವೂ ಒಳಪದರದ ಮೇಲುಭಾಗವೂ ಮಾತ್ರ ಬೆಂದು, ಒಳಗೆ ಹುದುಗಿರುವ ರೋಮಮೂಲಗಳೂ ಸ್ವೇದಗ್ರಂಥಿಗಳೂ ಜೀವಂತವಾಗಿ ಉಳಿದುಕೊಂಡ ಪಕ್ಷದಲ್ಲಿ, ಆ ಮೂಲಗಳಿಂದಲೇ ಹೊಸ ಜೀವಕೋಶಗಳು ಹೊರಟು, ನಾಲ್ಕೂ ಕಡೆಗೆ ಹಬ್ಬಿ, ಒಂದನ್ನೊಂದು ಕೂಡಿಕೊಂಡು, ಎರಡು ಮೂರು ವಾರಗಳೊಳಗಾಗಿ ಗಾಯವನ್ನು ಮುಚ್ಚಿಬಿಡುತ್ತವೆ. ಅಡುಗೆಮನೆಯಲ್ಲಿ ದಿನವಹಿ ಆಗತಕ್ಕ ಸಣ್ಣಪುಟ್ಟ ಗಾಯಗಳು ಹೆಚ್ಚಾಗಿ ಈ ಜಾತಿಯವು. ತಾನಾಗಿ ಮಾಯತಕ್ಕ ಇಂಥ ಗಾಯಕ್ಕೆ ಲೋಳೆಸರ ಹಚ್ಚಿದವರು ಲೋಳೆಸರವನ್ನೂ, ದೋಸೆಹಿಟ್ಟು ಹಚ್ಚಿದವರು ದೋಸೆಹಿಟ್ಟನ್ನೂ ಜೀವಮಾನವೆಲ್ಲ ಕೊಂಡಾಡುವುದು ಸಹಜ. ಏನನ್ನೂ ಹಚ್ಚದೆ ವಾಸಿಮಾಡಿಕೊಂಡವನಿಗೆ ಕೊಂಡಾಡುವುದಕ್ಕೆ ಯಾವ ವಸ್ತುವೂ ಇಲ್ಲವಾದುದರಿಂದ ಅವನ ಸಾಕ್ಷ್ಯ ಮಾತ್ರ ಯಾರನ್ನೂ ಮುಟ್ಟುವುದಿಲ್ಲ. ಒಳಪದರವೂ ಪೂರ್ಣವಾಗಿ ಬೆಂದುಹೋದ ಗಾಯದ ಮಾತು ಬೇರೆ. ಅಲ್ಲಿ ಹೊಸ ಚರ್ಮಕ್ಕೆ ಬೀಜವೇ ಉಳಿದಿರುವುದಿಲ್ಲವಾದ್ದರಿಂದ, ತೊಡೆಯಿಂದಲೋ ಬೇರೆಡೆಯಿಂದಲೋ ಚರ್ಮವನ್ನು ತೆಗೆದು ಕಸಿಮಾಡದೆ ಯಾವ ಲೇಪದಿಂದಲೂ ಗತಿಯಿಲ್ಲ. ಇವೆರಡರ ನಡುವೆ ಒಂದು ಸಂದಿಗ್ಧ ಪ್ರದೇಶವುಂಟು. ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಡಗ್ಲಸ್ ಜಾಕ್ಸನ್ 1953ರಲ್ಲಿ ವಿವರಿಸಿದಂತೆ, ಸುಟ್ಟಗಾಯದ ನಡುಭಾಗ ಆಗಲೇ ಸತ್ತಿರುತ್ತದೆ, ಅಂಚು ಕೆಂಪಡರಿ ತಾನಾಗಿ ಚೇತರಿಸಿಕೊಳ್ಳುತ್ತದೆ, ಇವುಗಳ ಮಧ್ಯದ ವಲಯದಲ್ಲಿ ಮಾತ್ರ ರಕ್ತಸಂಚಾರವು ಮಂದವಾಗಿ, ಮುಂದಿನ ಒಂದೆರಡು ದಿನಗಳಲ್ಲಿ ಅದು ಬದುಕುವುದೋ ಸಾಯುವುದೋ ನಿಶ್ಚಯವಾಗದೆ ಇರುತ್ತದೆ. ಔಷಧಕ್ಕೆ ನಿಜವಾದ ಕೆಲಸವಿರುವುದು ಈ ಮಧ್ಯವಲಯದಲ್ಲಿ. ಮನೆಮದ್ದಿಗೆ ಕೀರ್ತಿ ಬರುವುದು ಮಾತ್ರ ಅಂಚಿನ ವಲಯದಿಂದ.

ನಮ್ಮ ಪ್ರಾಚೀನರು ಈ ತಾರತಮ್ಯವನ್ನು ಕಾಣದವರಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯದಲ್ಲಿ ದಗ್ಧವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸಿ, ಬಣ್ಣಗೆಟ್ಟದ್ದು ಯಾವುದು, ಬೊಬ್ಬೆಯೆದ್ದು ಉರಿಯುವುದು ಯಾವುದು, ಮಾಂಸ ಜೋತುಬಿದ್ದು ನರಗಳೂ ಸಂಧಿಗಳೂ ಕೆಟ್ಟದ್ದು ಯಾವುದು ಎಂಬುದನ್ನು ಲಕ್ಷಣಸಹಿತ ಹೇಳಿರುವ ಕ್ರಮವನ್ನು ಇಂದಿನ ವೈದ್ಯವಿದ್ಯಾರ್ಥಿ ಓದಿದರೆ ತನ್ನ ಪಠ್ಯಪುಸ್ತಕದ ಪೂರ್ವಜನನ್ನೇ ಕಂಡಂತಾದೀತು. ಅತಿದಗ್ಧದಲ್ಲಿ ಸಡಿಲವಾದ ಮಾಂಸವನ್ನು ತೆಗೆದುಹಾಕಿ, ಶೀತಕ್ರಿಯೆ ಮಾಡಿ, ಅಮೃತಬಳ್ಳಿಯ ಎಲೆಯಿಂದಲೋ ನೀರಿನಲ್ಲಿ ಬೆಳೆಯುವ ಗಿಡಗಳ ಎಲೆಯಿಂದಲೋ ಗಾಯವನ್ನು ಮುಚ್ಚೆಂದು ಹೇಳಿರುವುದಂತೂ ಆಶ್ಚರ್ಯಕರ. ಆದರೆ ಅದೇ ಅಧ್ಯಾಯದಲ್ಲಿ, ಪ್ಲುಷ್ಟವೆಂಬ ಅತಿ ಸೌಮ್ಯ ಗಾಯಕ್ಕೆ ತಣ್ಣೀರು ಸಲ್ಲದು, ಅದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಆದುದರಿಂದ ಬಿಸಿಯ ಉಪಚಾರವೇ ಹಿತವೆಂಬ ವಿಧಿಯೂ ಇದೆ. ಇಂದು ವೈದ್ಯರು ಸಾಮಾನ್ಯವಾಗಿ ಹೇಳುವ ಪ್ರಥಮ ಚಿಕಿತ್ಸೆ ಇದಕ್ಕೆ ತೀರ ವಿರುದ್ಧವಾದದ್ದು: ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಮಂಜುಗಡ್ಡೆಯನ್ನು ಮುಟ್ಟಿಸಕೂಡದು, ಅರಸಿನ, ಎಣ್ಣೆ, ಹತ್ತಿ ಮುಂತಾದ ಏನನ್ನೂ ಮೆತ್ತದೆ ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಒಂದೇ ಅಧ್ಯಾಯದಲ್ಲಿ, ಒಬ್ಬನೇ ಆಚಾರ್ಯನ ಹೆಸರಿನಲ್ಲಿ, ಸಾವಿರಾರು ವರ್ಷ ಮುಂದೆ ನೋಡಿದ ಮಾತೂ ಇಂದು ನಿಲ್ಲಲಾರದ ಮಾತೂ ಒಟ್ಟೊಟ್ಟಿಗೆ ಕುಳಿತಿವೆ. ಯಾವುದು ಯಾವುದೆಂದು ಗ್ರಂಥದ ವಯಸ್ಸು ಹೇಳಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷಂಪ್ರತಿ 10 ಲಕ್ಷಕ್ಕೂ ಮಿಗಿಲಾದ ಜನ ಮಧ್ಯಮ ಅಥವಾ ತೀವ್ರ ಸ್ವರೂಪದ ಸುಟ್ಟಗಾಯಗಳಿಗೆ ತುತ್ತಾಗುತ್ತಾರೆ. ಇಷ್ಟು ದೊಡ್ಡ ಸಂಕಟವೂ, ಇಷ್ಟು ವಿಪುಲವಾದ ಸಸ್ಯಸಂಪತ್ತೂ, ಇಷ್ಟು ಹಳೆಯ ವೈದ್ಯಪರಂಪರೆಯೂ ಒಂದೇ ದೇಶದಲ್ಲಿ ಕೂಡಿರುವಾಗ, ಸುಟ್ಟಗಾಯಕ್ಕೆ ಯಾವ ಮೂಲಿಕೆ ಹಿತ, ಎಷ್ಟರಮಟ್ಟಿಗೆ ಹಿತ, ಯಾವ ಗಾಯಕ್ಕೆ ಹಿತವೆಂಬ ಪ್ರಶ್ನೆಗೆ ಉತ್ತರ ಹೇಳತಕ್ಕ ಹೊಣೆ ನಮ್ಮದಲ್ಲದೆ ಮತ್ತಾರದು? ನಾವು ಆ ಹೊಣೆಯನ್ನು ಹೊತ್ತಿಲ್ಲವೆಂದಲ್ಲ. ಹೊತ್ತು, ಅರ್ಧದಾರಿಯಲ್ಲಿ ಇಳಿಸಿ, ಮತ್ತೆ ಮೊದಲಿನಿಂದ ಹೊರುತ್ತಿದ್ದೇವೆ. ಆ ಅರ್ಧದಾರಿಗೆ ಇಲಿಯ ಬೆನ್ನು ಎಂದು ಹೆಸರು. ಅಲ್ಲಿಂದ ಮುಂದಕ್ಕೆ, ಆಸ್ಪತ್ರೆಯ ಹಾಸಿಗೆಯವರೆಗೆ ನಡೆಯದ ಹೊರತು ನಮ್ಮ ಪ್ರಯೋಗಗಳಿಂದ ರೋಗಿಗೆ ಕವಡೆಯ ಪ್ರಯೋಜನವೂ ಇಲ್ಲವೆಂಬುದು ನನ್ನ ಅಭಿಮತ.

ಪರೀಕ್ಷೆಯಿಲ್ಲದೆ ನೇರವಾಗಿ ಹಾಸಿಗೆಗೆ ಹೋದರೆ ಏನಾಗುತ್ತದೆಂಬುದಕ್ಕೆ ಪಾಶ್ಚಾತ್ಯ ವೈದ್ಯದ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಅದೂ ಮೂಲಿಕೆಯ ಕಥೆಯೇ. ಓಕ್ ಮರದ ಮೇಲೆ ಕೀಟದಿಂದಾಗುವ ಗಂಟುಗಳಲ್ಲಿ, ನಮ್ಮ ಗ್ರಂದಿಗೆ ಅಂಗಡಿಯವರು ಮಾಚಿಕಾಯಿಯೆಂದು ಮಾರುವ ಆ ವಸ್ತುವಿನಲ್ಲಿ, ಟ್ಯಾನಿಕ್ ಆಮ್ಲವೆಂಬ ಒಗರು ದ್ರವ್ಯ ಹೇರಳವಾಗಿದೆ. ಚರ್ಮ ಹದಮಾಡುವವರಿಗೆ ಬೇಕಾದದ್ದು ಇದೇ ಜಾತಿಯ ಒಗರು. 1925ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಎಡ್ವರ್ಡ್ ಡೇವಿಡ್‌ಸನ್ ಎಂಬ ವೈದ್ಯರು, ಸುಟ್ಟ ಮೈಮೇಲೆ ಈ ದ್ರಾವಣವನ್ನು ಸಿಂಪಡಿಸಿದರೆ ಬೆಂದ ಚರ್ಮವು ಹದಗೊಂಡು ತೊಗಲಿನಂಥ ಗಟ್ಟಿ ಪೊರೆಯಾಗಿ, ನೀರು ಸೋರುವುದನ್ನೂ ನೋವನ್ನೂ ತಡೆಯುತ್ತದೆಂದು ಪ್ರಕಟಿಸಿದರು. ತರ್ಕವು ಸೊಗಸಾಗಿತ್ತು, ಫಲವು ಕಣ್ಣಿಗೆ ಕಾಣುತ್ತಿತ್ತು, ಕೆಲವೇ ವರ್ಷಗಳಲ್ಲಿ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಸುಟ್ಟಗಾಯವೆಂದರೆ ಟ್ಯಾನಿಕ್ ಆಮ್ಲವೆಂಬಂತಾಯಿತು. ಸತ್ತವರ ಸಂಖ್ಯೆ ಮೊದಲಿಗಿಂತ ಕಡಮೆಯಾಯಿತೆಂಬ ವರದಿಗಳೂ ಬಂದವು. ಆದರೆ ಅದೇ ಕಾಲಕ್ಕೆ ಇನ್ನೊಂದು ಬದಲಾವಣೆಯೂ ನಡೆದಿತ್ತು. 1921ರಲ್ಲಿ ನ್ಯೂ ಹೇವನ್ನಿನ ರಿಯಾಲ್ಟೊ ಚಿತ್ರಮಂದಿರಕ್ಕೆ ಬೆಂಕಿ ಬಿದ್ದಾಗ ಗಾಯಗೊಂಡವರನ್ನು ಪರೀಕ್ಷಿಸಿದ ಫ್ರಾಂಕ್ ಅಂಡರ್‌ಹಿಲ್, ಸುಟ್ಟವರನ್ನು ಕೊಲ್ಲುವುದು ರಕ್ತದೊಳಗಿನ ದ್ರವವು ಗಾಯದ ಮೂಲಕ ಸೋರಿಹೋಗುವುದೆಂದು ತೋರಿಸಿದ್ದರಿಂದ, ವೈದ್ಯರು ದ್ರವವನ್ನು ಮರಳಿ ಶರೀರಕ್ಕೆ ತುಂಬುವುದನ್ನು ಕಲಿಯತೊಡಗಿದ್ದರು. ಉಳಿದ ಜೀವಗಳ ಶ್ರೇಯಸ್ಸು ದ್ರವಕ್ಕೆಷ್ಟು, ಲೇಪಕ್ಕೆಷ್ಟು ಎಂದು ಬೇರ್ಪಡಿಸಿ ನೋಡುವ ಪ್ರಯೋಗವನ್ನು ಯಾರೂ ಮಾಡಲಿಲ್ಲ.

ಎರಡನೆಯ ಮಹಾಯುದ್ಧ ಬಂದಿತು. ವಿಮಾನಗಳಲ್ಲಿ ಬೆಂದ ಬ್ರಿಟಿಷ್ ತರುಣರ ಕೈಗಳ ಮೇಲೆ ಟ್ಯಾನಿಕ್ ಆಮ್ಲದ ಪೊರೆ ಬಿಗಿದು, ಬೆರಳುಗಳು ಸೆಟೆದು ನಿರುಪಯುಕ್ತವಾಗುತ್ತಿದ್ದುದನ್ನು ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಕಂಡ ಆರ್ಚಿಬಾಲ್ಡ್ ಮೆಕಿಂಡೋ ಅದರ ವಿರುದ್ಧ ದನಿಯೆತ್ತಿದರು. ಸಮುದ್ರಕ್ಕೆ ಬಿದ್ದ ವೈಮಾನಿಕರ ಗಾಯಗಳು ನೆಲಕ್ಕೆ ಬಿದ್ದವರ ಗಾಯಗಳಿಗಿಂತ ಚೆನ್ನಾಗಿ ಮಾಯುವುದನ್ನು ಗಮನಿಸಿ ಉಪ್ಪುನೀರಿನ ಸ್ನಾನವನ್ನು ರೂಢಿಗೆ ತಂದರು. ಆ ಆಮ್ಲವು ಗಾಯದ ಮೂಲಕ ದೇಹವನ್ನು ಸೇರಿ ಯಕೃತ್ತನ್ನು ಕೆಡಿಸುತ್ತದೆಂಬ ಸಂಗತಿಯೂ ಅದೇ ಕಾಲಕ್ಕೆ ಬಯಲಾಯಿತು. 1942ರ ನವೆಂಬರ್ ತಿಂಗಳಲ್ಲಿ ಬಾಸ್ಟನ್ನಿನ ಕೋಕೊನಟ್ ಗ್ರೋವ್ ಎಂಬ ವಿಹಾರಗೃಹಕ್ಕೆ ಬೆಂಕಿ ಹತ್ತಿ 492 ಜನ ಮೃತಪಟ್ಟ ರಾತ್ರಿ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಹದಮಾಡುವ ಯಾವ ದ್ರವ್ಯವನ್ನೂ ಮುಟ್ಟದೆ, ಪೆಟ್ರೋಲಿಯಂ ಜೆಲ್ಲಿ ಸವರಿದ ಜಾಳು ಬಟ್ಟೆಯನ್ನಷ್ಟೇ ಗಾಯಗಳ ಮೇಲೆ ಸುತ್ತಿದರು. ಆ ಸಾದಾ ಪಟ್ಟಿಯೇ ಸಾಕೆಂದು ಕಂಡುಬಂದಿತು. ಸುಮಾರು ಎರಡು ದಶಕಗಳ ಕಾಲ ಶ್ರೇಷ್ಠವೆನಿಸಿದ್ದ ಸಸ್ಯದ್ರವ್ಯ ಹೀಗೆ ಮೂಲೆ ಸೇರಿತು. ಅದನ್ನು ಹಚ್ಚಿದವರು ಅಜ್ಞಾನಿಗಳಲ್ಲ, ವಂಚಕರೂ ಅಲ್ಲ. ಹಚ್ಚಿದವರನ್ನೂ ಹಚ್ಚದವರನ್ನೂ ಒಂದೇ ಕಾಲದಲ್ಲಿ, ಒಂದೇ ಉಪಚಾರದಲ್ಲಿ, ಪಕ್ಕಪಕ್ಕದಲ್ಲಿಟ್ಟು ನೋಡುವ ಒಂದೇ ಒಂದು ಕೆಲಸ ಅವರಿಂದ ಆಗಿರಲಿಲ್ಲ.

ಅರಸಿನದ ವಿಷಯದಲ್ಲಿ ನಾವು ಗೆದ್ದೆವೆಂದು ಹೆಮ್ಮೆಪಡುವವರುಂಟು. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೇಂದ್ರಕ್ಕೆ, ಗಾಯ ಮಾಯಿಸಲು ಅರಸಿನವನ್ನು ಬಳಸುವ ಬಗೆಗೆ ಏಕಸ್ವಾಮ್ಯದ ಹಕ್ಕು ದೊರೆತಾಗ, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು, ಆಗ ಅದರ ಮಹಾನಿರ್ದೇಶಕರಾಗಿದ್ದ ಮಾಶೇಲಕರರ ನೇತೃತ್ವದಲ್ಲಿ, ಹಳೆಯ ಗ್ರಂಥಗಳನ್ನೂ ಭಾರತೀಯ ವೈದ್ಯಪತ್ರಿಕೆಯೊಂದರ 1953ರ ಲೇಖನವನ್ನೂ ಮುಂದಿಟ್ಟು ವಾದಿಸಿ, 1997ರಲ್ಲಿ ಆ ಹಕ್ಕನ್ನು ರದ್ದುಮಾಡಿಸಿತು. ಹೆಮ್ಮೆ ನ್ಯಾಯವಾದದ್ದೇ. ಆದರೆ ಆ ವ್ಯಾಜ್ಯದಲ್ಲಿ ಸ್ಥಾಪಿತವಾದದ್ದು ಈ ವಿದ್ಯೆ ಹೊಸದಲ್ಲ, ಭಾರತೀಯರಿಗೆ ಮೊದಲೇ ತಿಳಿದಿತ್ತು ಎಂಬುದಷ್ಟೇ. ಅರಸಿನ ಹಚ್ಚಿದರೆ ಸುಟ್ಟಗಾಯ ಬೇಗ ಮಾಯುತ್ತದೆಂದು ಆ ತೀರ್ಪು ಎಲ್ಲಿಯೂ ಹೇಳಲಿಲ್ಲ, ಹೇಳುವುದು ಅದರ ಕೆಲಸವೂ ಆಗಿರಲಿಲ್ಲ. ಸ್ವತ್ತು ನಮ್ಮದೆಂದು ದಾಖಲೆ ಸಿಕ್ಕಿದ ಸಂತೋಷದಲ್ಲಿ ಆ ಸ್ವತ್ತಿನ ಬೆಲೆ ಕಟ್ಟುವುದನ್ನು ನಾವು ಮರೆತಿದ್ದೇವೆ.

ಬೆಲೆ ಕಟ್ಟುತ್ತಿದ್ದೇವಲ್ಲ, ನಮ್ಮ ಔಷಧ ವಿಜ್ಞಾನದ ಕಾಲೇಜುಗಳಲ್ಲಿ ಎಷ್ಟೊಂದು ಪ್ರಯೋಗಗಳು ನಡೆಯುತ್ತಿವೆಯೆಂದು ಕೇಳುವವರಿಗೆ, ಆ ಪ್ರಯೋಗಗಳ ಸ್ವರೂಪವನ್ನು ವಿವರಿಸಬೇಕಾಗುತ್ತದೆ. ಗಿಡವೊಂದರ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಮದ್ಯಸಾರದಿಂದ ಅದರ ಸತ್ವವನ್ನು ಇಳಿಸಿ, ಆ ಸತ್ವವನ್ನು ನೂರಕ್ಕೆ ಐದರಂತೆಯೂ ಹತ್ತರಂತೆಯೂ ಮುಲಾಮಿಗೆ ಸೇರಿಸುತ್ತಾರೆ. ಬಿಳಿಯ ಇಲಿಗಳನ್ನು ಸಾಮಾನ್ಯವಾಗಿ ಗುಂಪಿಗೆ ಆರರಂತೆ ವಿಂಗಡಿಸಿ, ಅರಿವಳಿಕೆ ಕೊಟ್ಟು, ಬೆನ್ನಿನ ರೋಮ ತೆಗೆದು, ಅಲ್ಲಿ ಸುಡುತ್ತಾರೆ. ಸುಡುವ ಕ್ರಮಗಳಲ್ಲಿ ಒಂದನ್ನು ನಮ್ಮ ಮಣಿಪಾಲದ ಸಂಶೋಧಕರೇ ರೂಪಿಸಿ 1997ರಲ್ಲಿ ಪ್ರಕಟಿಸಿದರು; ಇಲಿಯ ಬೆನ್ನಿನ ಮೇಲೆ ಲೋಹದ ಕೊಳವೆಯೊಂದನ್ನು ನಿಲ್ಲಿಸಿ, ಅದರೊಳಕ್ಕೆ ಕರಗಿದ ಬಿಸಿ ಮೇಣವನ್ನು ಹೊಯ್ದರೆ, ಪ್ರತಿಯೊಂದು ಇಲಿಗೂ ಒಂದೇ ಅಳತೆಯ, ಒಂದೇ ಆಳದ ಗಾಯವಾಗುತ್ತದೆ. ಶಾಸ್ತ್ರದೃಷ್ಟಿಯಿಂದ ಇದು ಶ್ಲಾಘ್ಯವಾದ ಉಪಾಯ. ಗಾಯಗಳು ಸಮಾನವಾಗಿಲ್ಲದಿದ್ದರೆ ಔಷಧಗಳನ್ನು ಹೋಲಿಸುವುದಾದರೂ ಹೇಗೆ? ಆಮೇಲೆ ದಿನಬಿಟ್ಟು ದಿನ ಗಾಯದ ಅಂಚನ್ನು ಪಾರದರ್ಶಕ ಹಾಳೆಯ ಮೇಲೆ ಗುರುತಿಸಿಕೊಂಡು, ಅದು ಎಷ್ಟು ಕುಗ್ಗಿತೆಂದು ಲೆಕ್ಕಹಾಕಿ, ಕೊನೆಗೆ ಆ ಜಾಗದ ಊತಕವನ್ನು ತೆಗೆದು ಕೊಲ್ಯಾಜೆನ್ ಎಷ್ಟು ಬೆಳೆದಿದೆಯೆಂದು ಅಳೆಯುತ್ತಾರೆ. ಪ್ರಬಂಧದ ಕೊನೆಯ ವಾಕ್ಯ ಬಹುಶಃ ಎಲ್ಲ ಕಡೆಯೂ ಒಂದೇ: ಈ ಗಿಡದ ಪಾರಂಪರಿಕ ಉಪಯೋಗಕ್ಕೆ ಆಧಾರವುಂಟೆಂದು ಈ ಅಧ್ಯಯನದಿಂದ ಸಿದ್ಧವಾಗುತ್ತದೆ. ಮರುವರ್ಷ ಬೇರೊಂದು ಗಿಡ, ಬೇರೆ ಆರಾರು ಇಲಿಗಳು, ಅದೇ ವಾಕ್ಯ.

ಇಲ್ಲಿ ಮೊದಲು ವಿಚಾರಿಸತಕ್ಕದ್ದು ಇಲಿಯ ಚರ್ಮವನ್ನು. ಆ ಪ್ರಾಣಿಯ ಚರ್ಮ ಮೈಗೆ ಸಡಿಲವಾಗಿ ಹೊದಿಸಿದಂತಿದ್ದು, ಅದರ ಅಡಿಯಲ್ಲಿ ತೆಳ್ಳನೆಯ ಸ್ನಾಯುವಿನ ಹಾಳೆಯೊಂದು ಹಬ್ಬಿರುತ್ತದೆ. ಗಾಯವಾದಾಗ ಆ ಹಾಳೆ ಸಂಕೋಚಗೊಂಡು ಗಾಯದ ಅಂಚುಗಳನ್ನು ಎಳೆದು ಕೂಡಿಸುವುದರಿಂದ ಇಲಿಯ ಗಾಯ ಬಹುಮಟ್ಟಿಗೆ ಕುಗ್ಗಿಯೇ ಮುಚ್ಚುತ್ತದೆ. ಮನುಷ್ಯನ ಗಾಯ ಹಾಗಲ್ಲ. ಅದು ಹೊಸ ಚರ್ಮ ಹಬ್ಬಿ ಮುಚ್ಚಬೇಕು. ಅಷ್ಟೇ ಅಲ್ಲ, ಮನುಷ್ಯನ ಸುಟ್ಟಗಾಯ ಕುಗ್ಗುವುದು ಸ್ವತಃ ಒಂದು ವಿಪತ್ತು: ಮೊಣಕೈ ಮಡಚಿದಂತೆಯೇ ನಿಲ್ಲುವುದೂ, ಗದ್ದ ಎದೆಗೆ ಅಂಟಿಕೊಳ್ಳುವುದೂ, ಬೆರಳುಗಳು ಅಂಗೈಯೊಳಕ್ಕೆ ಸುತ್ತಿಕೊಳ್ಳುವುದೂ ಈ ಸಂಕೋಚದ ಫಲಗಳೇ. ಪ್ರಯೋಗಶಾಲೆಯಲ್ಲಿ ಯಾವುದನ್ನು ಯಶಸ್ಸೆಂದು ಶೇಕಡಾವಾರು ಎಣಿಸುತ್ತೇವೆಯೋ, ಅದನ್ನೇ ತಪ್ಪಿಸಬೇಕೆಂದು ಆಸ್ಪತ್ರೆಯಲ್ಲಿ ಕೈಗೆ ಮರದ ಪಟ್ಟಿ ಕಟ್ಟಿ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸುತ್ತಾರೆ. ಮನುಷ್ಯಚರ್ಮಕ್ಕೆ ಹಂದಿಯ ಚರ್ಮ ಹೆಚ್ಚು ಸಮೀಪವೆಂಬುದು ಬಹಳ ಕಾಲದಿಂದ ತಿಳಿದ ಸಂಗತಿ. ಆದರೆ ಹಂದಿಯನ್ನು ಸಾಕುವುದಕ್ಕೆ ಜಾಗ ಬೇಕು, ಹಣ ಬೇಕು.

ಎರಡನೆಯ ವಿಚಾರ ಮುಲಾಮಿನದು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಆಂಗ್ಲ ವಿಜ್ಞಾನಿ ಹಂದಿಗಳ ಮೈಮೇಲಿನ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಒಣಗಬಿಟ್ಟು, ಕೆಲವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ತೇವವಾಗಿ ಉಳಿದ ಗಾಯದ ಮೇಲೆ ಹೊಸ ಚರ್ಮವು ಸುಮಾರು ಇಮ್ಮಡಿ ವೇಗದಿಂದ ಹಬ್ಬುವುದನ್ನು ತೋರಿಸಿದರು. ಔಷಧವೇ ಇಲ್ಲದೆ, ಬರಿಯ ತೇವದಿಂದ ಇಷ್ಟು ಲಾಭವಿರುವಾಗ, ಎಣ್ಣೆ, ತುಪ್ಪ, ಮೇಣ, ವ್ಯಾಸಲೀನ್ ಇವುಗಳಲ್ಲಿ ಕಲಸಿದ ಯಾವ ಸೊಪ್ಪಿನ ರಸಕ್ಕಾದರೂ ಬರಿಗಾಯಕ್ಕಿಂತ ಹೆಚ್ಚಿನ ಅಂಕ ಸಿಕ್ಕುವುದು ಖಂಡಿತ. ಸಾರ ಬೆರೆಸದ ಬರಿಯ ಮುಲಾಮನ್ನು ಪಕ್ಕದಲ್ಲಿಟ್ಟು ನೋಡದೆ ಕೀರ್ತಿಯನ್ನು ಸಾರಕ್ಕೆ ಕಟ್ಟುವುದು, ಪಾಯಸದ ಸಿಹಿಗೆ ಏಲಕ್ಕಿಯೇ ಕಾರಣವೆಂದು ಹೇಳಿ ಬೆಲ್ಲವನ್ನು ಮರೆತಂತೆ. ಒಳ್ಳೆಯ ಪ್ರಯೋಗಶಾಲೆಗಳು ಈ ಎಚ್ಚರ ವಹಿಸುತ್ತವೆ. ವಹಿಸದವುಗಳ ಪ್ರಬಂಧಗಳೂ ಅಚ್ಚಾಗುತ್ತವೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾನೂನಿನ ಮೇರೆಗೆ ಇಂಥ ಪ್ರಯೋಗಗಳಿಗೆ ಸಮಿತಿಯ ಅನುಮತಿ ಬೇಕು, ಅರಿವಳಿಕೆ ಕಡ್ಡಾಯ, ಅವೆಲ್ಲ ಸರಿ. ಆದರೆ ಮುಂದಿನ ಹೆಜ್ಜೆಯನ್ನು ಇಡುವ ಸಂಕಲ್ಪವೇ ಇಲ್ಲದೆ, ಪದವಿಗೆ ಬೇಕಾದ ಪ್ರಬಂಧಕ್ಕೋಸ್ಕರ ಒಂದು ಪ್ರಾಣಿಯನ್ನು ಸುಡುವುದು ಅನುಮತಿಪತ್ರವಿದ್ದ ಮಾತ್ರಕ್ಕೆ ಧರ್ಮವಾದೀತೆ?

ಲೋಳೆಸರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಮೂಲಿಕೆಗಳ ಪೈಕಿ ಮನುಷ್ಯರ ಸುಟ್ಟಗಾಯಗಳ ಮೇಲೆ ಹೆಚ್ಚಾಗಿ ಪರೀಕ್ಷೆಗೆ ಒಳಗಾದವುಗಳಲ್ಲಿ ಅದೂ ಒಂದು. ಥೈಲೆಂಡಿನಲ್ಲಿ 27 ಮಂದಿ ರೋಗಿಗಳ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೋಳೆಸರದ ಲೇಪ ಹಚ್ಚಿದ ಗಾಯಗಳು ಸುಮಾರು 12 ದಿನಗಳಲ್ಲಿಯೂ, ವ್ಯಾಸಲೀನ್ ಪಟ್ಟಿ ಸುತ್ತಿದವು ಸುಮಾರು 18 ದಿನಗಳಲ್ಲಿಯೂ ವಾಸಿಯಾದವು. ಇರಾನಿನಲ್ಲಿ 2009ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಮೈಯ ಎರಡು ಕಡೆ ಒಂದೇ ಬಗೆಯ ಗಾಯಗಳಾಗಿದ್ದ 30 ಮಂದಿಯನ್ನು ಆರಿಸಿ, ಒಂದು ಗಾಯಕ್ಕೆ ಲೋಳೆಸರವನ್ನೂ ಮತ್ತೊಂದಕ್ಕೆ ಆಸ್ಪತ್ರೆಗಳ ರೂಢಿಯ ಮುಲಾಮಾದ ಸಿಲ್ವರ್ ಸಲ್ಫಾಡಯಜೀನನ್ನೂ ಹಚ್ಚಿದಾಗ, ಲೋಳೆಸರದ ಕಡೆಯ ಗಾಯ ಸುಮಾರು 16 ದಿನಗಳಲ್ಲಿ, ಇನ್ನೊಂದು ಸುಮಾರು 19 ದಿನಗಳಲ್ಲಿ ಮಾಯಿತು. ಇವು ಉಪೇಕ್ಷಿಸತಕ್ಕ ಫಲಿತಾಂಶಗಳಲ್ಲ. ಆದಾಗ್ಯೂ, ಗಾಯಗಳ ಮೇಲೆ ಲೋಳೆಸರದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ ವಿಮರ್ಶಕರಿಗೆ 2012ರಲ್ಲಿ ಸಿಕ್ಕಿದ್ದು ಏಳು ಪ್ರಯೋಗಗಳು, 347 ಜನ. ನಿಶ್ಚಿತವಾಗಿ ಏನನ್ನೂ ಹೇಳಲು ಇದು ಸಾಲದೆಂಬುದೇ ಅವರ ತೀರ್ಮಾನವಾಯಿತು.

ಇನ್ನೊಂದು ತೊಡಕು ಎದುರಾಳಿಯದು. 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಸಿಲ್ವರ್ ಸಲ್ಫಾಡಯಜೀನ್ ಎಂಬ ಬಿಳಿಯ ಮುಲಾಮು ಸೋಂಕನ್ನು ತಡೆಯುವ ಗುಣದಿಂದ ಜಗತ್ತಿನ ಎಲ್ಲ ಆಸ್ಪತ್ರೆಗಳನ್ನೂ ಹೊಕ್ಕಿತಾದರೂ, ಅದು ಹೊಸ ಚರ್ಮ ಹಬ್ಬುವುದನ್ನು ನಿಧಾನಗೊಳಿಸಬಹುದೆಂದು ಬರಬರುತ್ತ ತಿಳಿದುಬಂದಿದೆ. ಹೊಸ ಬಗೆಯ ಪಟ್ಟಿಗಳೊಡನೆ ಹೋಲಿಸಿದ ಪ್ರಯೋಗಗಳಲ್ಲಿ ಅದೇ ಮತ್ತೆ ಮತ್ತೆ ಹಿಂದೆ ಬಿದ್ದಿದೆ. ನಮ್ಮ ಮೂಲಿಕೆಗಳು ಬಹುತೇಕ ಗೆಲ್ಲುತ್ತಿರುವುದು ಈ ಕುಂಟುವ ಓಟಗಾರನ ಮೇಲೆ. ಜೊತೆಗೆ, ಲೋಳೆಸರವೆಂದರೆ ಯಾವ ಲೋಳೆಸರ? ಸಿಪ್ಪೆಯಡಿಯ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ, ಒಳಗಿನ ಲೋಳೆ ತಂಪನ್ನೀಯುತ್ತದೆ. ಕಿತ್ತಿಟ್ಟ ಎಲೆಯಲ್ಲಿ ಆ ಲೋಳೆಯ ಮುಖ್ಯ ದ್ರವ್ಯಗಳು ತಾವಾಗಿಯೇ ಒಡೆಯತೊಡಗುತ್ತವೆ. ಕೊಯ್ದ ಕಾಲವನ್ನೂ ತೆಗೆದ ಕ್ರಮವನ್ನೂ ಬರೆಯದ ಪ್ರಯೋಗವನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡುವುದು ಸಾಧ್ಯವಿಲ್ಲ.

ಸಸ್ಯದ್ರವ್ಯವು ಈ ಎಲ್ಲ ಪರೀಕ್ಷೆಗಳನ್ನೂ ದಾಟಿ ಬರಲಾರದೆಂದು ಯಾರಾದರೂ ನಿರಾಶರಾಗುವುದಾದರೆ, ಅವರು ಅನಾನಸಿನ ಕಥೆಯನ್ನು ಕೇಳಬೇಕು. ನಮ್ಮ ಬನವಾಸಿಯ ಸುತ್ತ ಎಕರೆಗಟ್ಟಲೆ ಬೆಳೆಯುವ ಆ ಹಣ್ಣಿನ ಗಿಡದ ಕಾಂಡದಲ್ಲಿ ಮಾಂಸಸತ್ವವನ್ನು ಕರಗಿಸುವ ಕಿಣ್ವಗಳಿವೆ. ಇಸ್ರೇಲಿನ ಸಂಸ್ಥೆಯೊಂದು ಆ ಕಿಣ್ವಗಳನ್ನು ಶುದ್ಧೀಕರಿಸಿ, ಆಳವಾದ ಸುಟ್ಟಗಾಯದ ಮೇಲೆ 4 ಗಂಟೆಗಳ ಕಾಲ ಹಚ್ಚಿದರೆ ಸತ್ತ ಪೊರೆ ಮಾತ್ರ ಕರಗಿ ಬದುಕಿದ ಚರ್ಮ ಉಳಿಯುವಂತೆ ಔಷಧವೊಂದನ್ನು ಸಿದ್ಧಪಡಿಸಿತು. ಅದನ್ನು ಅಮೆರಿಕದ ಅನುಮತಿಗಾಗಿ ಪರೀಕ್ಷಿಸಿದ ಮುಖ್ಯ ಪ್ರಯೋಗದಲ್ಲಿ 175 ರೋಗಿಗಳಿದ್ದರು. ಒಂದು ಗುಂಪಿಗೆ ಔಷಧ, ಒಂದು ಗುಂಪಿಗೆ ರೂಢಿಯ ಚಿಕಿತ್ಸೆ, ಮತ್ತೊಂದು ಗುಂಪಿಗೆ ಕಿಣ್ವ ಬೆರೆಸದ ಬರಿಯ ಲೇಪ. ಔಷಧ ಪಡೆದವರಲ್ಲಿ ನೂರಕ್ಕೆ 93 ಮಂದಿಯ ಸತ್ತ ಪೊರೆ ಬಹುತೇಕ ಪೂರ್ಣವಾಗಿ ಕಳಚಿತು. ಬರಿಯ ಲೇಪದವರಲ್ಲಿ ನೂರಕ್ಕೆ 4 ಮಂದಿಯದು. ಪಾಯಸದಲ್ಲಿ ಬೆಲ್ಲವೆಷ್ಟು, ಏಲಕ್ಕಿಯೆಷ್ಟು ಎಂಬುದು ಇಷ್ಟು ಸ್ಪಷ್ಟವಾದ ಮೇಲೆ ಆಕ್ಷೇಪಕ್ಕೆ ಎಡೆಯೆಲ್ಲಿ? ಯೂರೋಪು 2012ರಲ್ಲಿಯೂ ಅಮೆರಿಕ 2022ರಲ್ಲಿಯೂ ಅದನ್ನು ಒಪ್ಪಿಕೊಂಡವು.

ಬರ್ಚ್ ಮರದ ತೊಗಟೆಯದೂ ಇಂಥದೇ ವೃತ್ತಾಂತ. ಕಾಶ್ಮೀರದ ಪಂಡಿತರು ಗ್ರಂಥ ಬರೆಯುತ್ತಿದ್ದ ಭೂರ್ಜದ ದಾಯಾದಿಯಾದ ಈ ಮರದ ತೊಗಟೆಯ ಸತ್ವವನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕಲಸಿ ಮಾಡಿದ ಲೇಪಕ್ಕೆ ಯೂರೋಪಿನ ಅಧಿಕಾರಿಗಳು 2016ರಲ್ಲಿ ಅನುಮತಿ ಕೊಟ್ಟದ್ದು, ಒಬ್ಬನೇ ರೋಗಿಯ ಒಂದೇ ಗಾಯವನ್ನು ಎರಡಾಗಿ ಭಾಗಿಸಿ, ಅರ್ಧಕ್ಕೆ ಈ ಲೇಪ, ಅರ್ಧಕ್ಕೆ ರೂಢಿಯ ಚಿಕಿತ್ಸೆ ಮಾಡಿ, ಯಾವ ಅರ್ಧಕ್ಕೆ ಏನು ಹಚ್ಚಿದೆಯೆಂದು ತಿಳಿಯದ ತಜ್ಞರಿಗೆ ಛಾಯಾಚಿತ್ರಗಳನ್ನು ತೋರಿಸಿ, ಅವರ ಅಭಿಪ್ರಾಯ ಪಡೆದ ಮೇಲೆ. ವಯಸ್ಸು, ಮಧುಮೇಹ, ಅಪೌಷ್ಟಿಕತೆ, ಗಾಯದ ಆಳ ಇವೆಲ್ಲವೂ ಎರಡು ಅರ್ಧಗಳಿಗೂ ಸಮಾನವಾಗಿರುವ ಈ ವಿಧಾನಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಅದು ನಮ್ಮ ಯಾವ ಜಿಲ್ಲಾ ಆಸ್ಪತ್ರೆಯಲ್ಲಿಯೂ ಸಾಧ್ಯ.

ಸಾಧ್ಯವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಗಳುಂಟು. ಮುಂಬಯಿಯ ಶಸ್ತ್ರವೈದ್ಯರು 1985ರ ಹೊತ್ತಿಗೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಬಟ್ಟೆಯ ಮೇಲೆ ಅಂಟಿಸಿ ಸುಟ್ಟಗಾಯದ ಪಟ್ಟಿಯಾಗಿ ಬಳಸಿ ನೋಡಿದರು, ಸೊಲ್ಲಾಪುರದ ಎಂ. ಸುಬ್ರಹ್ಮಣ್ಯಂ 1991ರಲ್ಲಿ 104 ರೋಗಿಗಳಲ್ಲಿ ಜೇನುತುಪ್ಪವನ್ನು ಸಿಲ್ವರ್ ಸಲ್ಫಾಡಯಜೀನಿನೊಡನೆ ಹೋಲಿಸಿ, ಆಮೇಲೆ ಅದೇ ಜೇನನ್ನು ಆಲೂಗಡ್ಡೆಯ ಸಿಪ್ಪೆಯೊಡನೆಯೂ ಹೋಲಿಸಿದರು. 2003ರಲ್ಲಿ ಮತ್ತೆ ಮುಂಬಯಿಯ ವೈದ್ಯರೇ, ಶುದ್ಧಗೊಳಿಸಿದ ಬಾಳೆ ಎಲೆಯನ್ನು ಗಾಯಕ್ಕೆ ಹೊದಿಸಿ, ಅದು ಆಲೂಗಡ್ಡೆಯ ಸಿಪ್ಪೆಗೆ ಗುಣದಲ್ಲಿ ಸರಿಸಮವೆಂದೂ ಖರ್ಚಿನಲ್ಲಿ ಬಹಳ ಅಗ್ಗವೆಂದೂ ಕಂಡುಕೊಂಡರು. ಎಲೆಯ ನುಣುಪಾದ ಮೇಣದ ಮೈ ಗಾಯಕ್ಕೆ ಅಂಟುವುದಿಲ್ಲ. ಪಟ್ಟಿ ಬದಲಿಸುವಾಗ ರೋಗಿ ಅರಚಬೇಕಾಗಿಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ಬೆಳಗಿನ ಪಟ್ಟಿ ಬದಲಿಸುವ ಹೊತ್ತನ್ನು ಹೊರಗಿನಿಂದ ಕೇಳಿದವರಿಗೂ ಈ ಒಂದು ಗುಣದ ಬೆಲೆ ತಿಳಿದೀತು. ಅಮೃತಬಳ್ಳಿಯ ಎಲೆ, ಜಲಸಸ್ಯದ ಎಲೆ ಎಂದು ಸುಶ್ರುತಸಂಹಿತೆಯಲ್ಲಿ ಬರೆದಿಟ್ಟವರು ಕಂಡದ್ದೂ ಇದನ್ನೇ ಇರಬಹುದು.

ಹಾಗಿದ್ದರೆ ಬಾಳೆ ಎಲೆ ನಮ್ಮ ಆಸ್ಪತ್ರೆಗಳಲ್ಲಿ ಏಕಿಲ್ಲ? ಅನಾನಸಿನ ಕಿಣ್ವಕ್ಕೆ ಹಣ ಹೂಡಿದವರಿಗೆ ಅದರ ಹಕ್ಕು ಸಿಕ್ಕಿತು. ಬಾಳೆ ಎಲೆಯ ಹಕ್ಕು ಯಾರಿಗೂ ಸಿಕ್ಕುವಂತಿಲ್ಲವಾದ್ದರಿಂದ ಅದನ್ನು ನೂರಾರು ರೋಗಿಗಳಲ್ಲಿ ಪರೀಕ್ಷಿಸುವ ಖರ್ಚನ್ನು ಯಾವ ವ್ಯಾಪಾರಿಯೂ ಹೊರುವುದಿಲ್ಲ. ಇತ್ತ ಪ್ರಾಚೀನ ಗ್ರಂಥಗಳಲ್ಲಿ ಹೇಳಿದ ಯೋಗವನ್ನು ಹೇಳಿದಂತೆಯೇ ತಯಾರಿಸಿ ಮಾರುವವರಿಂದ ನಮ್ಮ ಕಾನೂನು ಹೊಸ ಚಿಕಿತ್ಸಾಪ್ರಯೋಗವನ್ನು ಕೇಳುವುದೇ ಇಲ್ಲವಾಗಿ, ಅವರಿಗೂ ಪರೀಕ್ಷೆಯ ಗೊಡವೆಯಿಲ್ಲ. ಸಸ್ಯಸತ್ವವನ್ನು ಶುದ್ಧೀಕರಿಸಿ, ಕನಿಷ್ಠ ನಾಲ್ಕು ಘಟಕಗಳ ಪ್ರಮಾಣವನ್ನು ಅಳೆದು, ಆಧುನಿಕ ಔಷಧದಂತೆಯೇ ಪರೀಕ್ಷಿಸಿ ಅನುಮತಿ ಪಡೆಯುವ ಮಾರ್ಗವೊಂದನ್ನು ಕೇಂದ್ರ ಸರಕಾರ 2015ರಲ್ಲಿ ತೆರೆಯಿತಾದರೂ, ಪಕ್ಕದಲ್ಲಿ ಸುಲಭವಾದ ಬಾಗಿಲಿರುವಾಗ ಈ ಕಷ್ಟದ ಬಾಗಿಲನ್ನು ತಟ್ಟುವವರು ವಿರಳ. ಹಾಗಾಗಿ ಈ ಕೆಲಸ ಸಾರ್ವಜನಿಕ ಹಣದಿಂದಲೇ ಆಗತಕ್ಕದ್ದು.

ಅದಕ್ಕೆ ಹೊಸ ಸಂಸ್ಥೆ ಕಟ್ಟಬೇಕಾದ್ದಿಲ್ಲ. 1996ರಲ್ಲಿ ಸ್ಥಾಪಿತವಾದ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಆಧುನಿಕ ವೈದ್ಯದ ಕಾಲೇಜುಗಳೂ, ಆಯುರ್ವೇದದ ಕಾಲೇಜುಗಳೂ, ಔಷಧ ವಿಜ್ಞಾನದ ಕಾಲೇಜುಗಳೂ ಒಂದೇ ಸೂರಿನಡಿ ಇವೆ. ಅಲ್ಲಿಯ ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲರೂ ಪದವಿಗಾಗಿ ಒಂದೊಂದು ಪ್ರಬಂಧ ಬರೆಯಲೇಬೇಕು. ಒಬ್ಬೊಬ್ಬರೂ ಒಂದೊಂದು ಗಿಡ, ಒಂದೊಂದು ಪಂಜರದ ಇಲಿಗಳೆಂದು ಚದುರಿಹೋಗುವ ಬದಲು, ಲೋಳೆಸರ, ಒಂದೆಲಗ, ಜೇನು, ಬಾಳೆ ಎಲೆ ಈ ನಾಲ್ಕನ್ನೇ ಮೊದಲಿಗೆ ಆರಿಸಿಕೊಂಡು, ಗಿಡದ ಗುರುತನ್ನು ಆಯುರ್ವೇದದವರು ನಿಶ್ಚಯಿಸಿ, ಒಂದೇ ಪ್ರಮಾಣದ ಲೇಪವನ್ನೂ ಅದರ ಜೊತೆಗೆ ಸಾರವಿಲ್ಲದ ಬರಿಯ ಲೇಪವನ್ನೂ ಔಷಧ ವಿಜ್ಞಾನದವರು ತಯಾರಿಸಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿಗಳ ಸುಟ್ಟಗಾಯದ ವಾರ್ಡುಗಳಲ್ಲಿ ಶಸ್ತ್ರವಿಭಾಗದವರು ಒಂದೇ ಲಿಖಿತ ಕ್ರಮದಂತೆ, ರೋಗಿಯ ಒಪ್ಪಿಗೆ ಪಡೆದು, ಯಾವ ಗಾಯಕ್ಕೆ ಯಾವುದೆಂಬುದನ್ನು ಚೀಟಿ ಎತ್ತಿ ನಿಶ್ಚಯಿಸಿ ಹಚ್ಚಲಿ; ರಾಷ್ಟ್ರೀಯ ಪ್ರಯೋಗ ನೋಂದಣಿಯಲ್ಲಿ ಮೊದಲೇ ದಾಖಲಿಸಿ, ಸೋತರೂ ಫಲಿತಾಂಶವನ್ನು ಅಚ್ಚುಹಾಕಲಿ. ಆಳವಾದ ಗಾಯಗಳನ್ನೂ, ಮುಖದ ಗಾಯಗಳನ್ನೂ, ಎಳೆಮಕ್ಕಳನ್ನೂ ಮೊದಲ ಸುತ್ತಿನಲ್ಲಿ ಸೇರಿಸಕೂಡದು. ಬೆಂದು ನರಳುವವನಿಂದ ಆ ಗಳಿಗೆಯಲ್ಲೇ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳದೆ, ನೋವು ತಗ್ಗಿದ ಮೇಲೆ ಅವನ ಭಾಷೆಯಲ್ಲಿ ವಿವರಿಸಿ ಕೇಳಬೇಕು.

ವಿದ್ಯಾರ್ಥಿಗೆ ಇಷ್ಟಕ್ಕೆಲ್ಲ ಸಮಯವೆಲ್ಲಿಯದೆಂಬ ಆಕ್ಷೇಪ ಬರುವುದು ನನಗೆ ಗೊತ್ತು. ಮೇಲ್ಪದರದ ಗಾಯ ಮಾಯಿತೋ ಇಲ್ಲವೋ ಎಂಬುದು ಮೂರು ವಾರಗಳಲ್ಲಿ ತಿಳಿಯುತ್ತದೆ. ಕಲೆ ಉಬ್ಬಿತೋ, ಸಂಧಿ ಬಿಗಿಯಿತೋ ಎಂದು ನೋಡುವುದಕ್ಕೆ ಒಂದು ವರ್ಷ ಕಾಯಬೇಕು. ಶಸ್ತ್ರವಿಭಾಗದ ಸ್ನಾತಕೋತ್ತರ ವ್ಯಾಸಂಗದ ಅವಧಿ ಮೂರು ವರ್ಷ. ಲೆಕ್ಕದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಒಂದು ವರ್ಷದ ಮೇಲೆ ರೋಗಿಯನ್ನು ಅವನ ಊರಿನಿಂದ ಮರಳಿ ಕರೆಸುವ ಬಸ್ಸಿನ ಖರ್ಚಿಗೂ, ಅವನು ಕಳೆದುಕೊಳ್ಳುವ ದಿನಗೂಲಿಗೂ ಹಣ ತೆಗೆದಿಡುವುದರಲ್ಲಿ; ವಿಶ್ವವಿದ್ಯಾಲಯದ ಆಯವ್ಯಯದಲ್ಲಿ ಮೊದಲು ಬರೆಯತಕ್ಕ ಬಾಬು ಅದು.